ಮೆಟ್ಟಿಲುಗುಡ್ಡಗಳ ಮೇಲೆ ಶರತ್ಕಾಲದ ನಡಿಗೆ

ಬೆಟ್ಟವೆಂದೊಡನೆ ಮೊನಚಾದ ಶಿಖರ, ಆಳವಾದ ಕಣಿವೆ, ದಟ್ಟವಾದ ಕಾಡು ಇವು ನಮ್ಮ ಕಣ್ಣೆದುರು ನಿಲ್ಲುತ್ತವೆ. ಮಲೆನಾಡನ್ನು ನೋಡಿದವನೊಬ್ಬನು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಸಂಚರಿಸಿದರೆ, ಇಲ್ಲಿ ಬೆಟ್ಟವೆಲ್ಲಿದೆ ಎಂದು ಕೇಳುವುದು ಸಹಜ. ಕಣ್ಣು ಹಾಯುವವರೆಗೂ ಎರೆಯ ಹೊಲಗಳು. ನಡುವೆ ಅಲ್ಲಲ್ಲಿ ತಲೆಯನ್ನು ಕತ್ತರಿಸಿ ತೆಗೆದಂತೆ ಕಾಣುವ ಗಿಡ್ಡ ಗುಡ್ಡಗಳು. ಅವುಗಳ ಮೇಲಿನ ಕಲ್ಲುನೆಲವನ್ನು ಊರವರು ಮಡ್ಡಿಯೆಂದು ಕರೆಯುತ್ತಾರೆ. ದನ ಕುರಿ ಕಾಯುವವರನ್ನು ಬಿಟ್ಟರೆ ಅದನ್ನು ಏರುವವರು ವಿರಳ.

ಆದರೂ ಭೂವಿಜ್ಞಾನವನ್ನು ಅರಿಯಬಯಸುವ ವಿದ್ಯಾರ್ಥಿಗೆ ಇವುಗಳಿಗಿಂತ ಉತ್ತಮವಾದ ಪಾಠಶಾಲೆ ದೊರೆಯುವುದು ಕಷ್ಟ. ಹಿಮಾಲಯವು ಭೂಮಿಯ ಪದರಗಳು ಮಡಿಚಿಕೊಂಡು ಮೇಲೆದ್ದುದರಿಂದ ಉಂಟಾದ ಪರ್ವತ. ಆಳಂದದ ಗುಡ್ಡವಾದರೋ ಎದ್ದು ನಿಂತದ್ದಲ್ಲ. ಸುತ್ತಲಿನ ನೆಲವೆಲ್ಲ ಸವೆದು ಹೋದ ಮೇಲೆ ಉಳಿದು ನಿಂತದ್ದು. ಈ ಒಂದು ಮಾತು ಮನಸ್ಸಿಗೆ ಹತ್ತಿದರೆ ಈ ಸೀಮೆಯ ಗುಡ್ಡ, ಹೊಲ, ಹಳ್ಳ, ಬಾವಿ ಎಲ್ಲವುಗಳ ಅರ್ಥವೂ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಅದನ್ನು ಪುಸ್ತಕದಿಂದ ತಿಳಿಯುವುದಕ್ಕಿಂತ ಕಾಲ್ನಡಿಗೆಯಿಂದ ತಿಳಿಯುವುದು ಮೇಲು. ಒಂದು ಜೊತೆ ಗಟ್ಟಿ ಜೋಡು, ಒಂದು ಊರುಗೋಲು, ಒಂದು ದಿನದ ಬಿಡುವು ಇಷ್ಟಿದ್ದರೆ ಸಾಕು.

ಶರತ್ಕಾಲವೇ ಏಕೆ?

ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವುದು. ಸೆಪ್ಟೆಂಬರ್ ತಿಂಗಳಿನಲ್ಲಿಯೇ ಹೆಚ್ಚು. ಮಳೆಗಾಲದಲ್ಲಿ ಎರೆಮಣ್ಣು ಕಾಲನ್ನು ಹಿಡಿದು ಬಿಡದು. ಅದರಲ್ಲಿರುವ ಅತಿ ಸೂಕ್ಷ್ಮವಾದ ಜೇಡಿಯ ಕಣಗಳು ನೀರನ್ನು ಹೀರಿ ಉಬ್ಬುತ್ತವೆ. ಹತ್ತು ಹೆಜ್ಜೆಗೆ ಜೋಡಿನ ಭಾರ ಇಮ್ಮಡಿಯಾಗುತ್ತದೆ. ಬೇಸಗೆಯಲ್ಲಿ ಅದೇ ಕಣಗಳು ಕುಗ್ಗಿ ನೆಲ ಬಿರಿಯುತ್ತದೆ. ಬಿಸಿಲಿನ ತಾಪ 40 ಡಿಗ್ರಿಯನ್ನು ಮೀರುತ್ತದೆ. ಧೂಳಿನಿಂದ ದಿಗಂತ ಮಸಕಾಗುತ್ತದೆ. ಇವೆರಡರ ನಡುವೆ ಬರುವ ಆಶ್ವಯುಜ ಮತ್ತು ಕಾರ್ತಿಕ ಮಾಸಗಳು ನಡೆಯುವವನಿಗೆ ಅನುಕೂಲವಾದ ಕಾಲ. ಮಳೆ ಗಾಳಿಯನ್ನು ತೊಳೆದಿರುತ್ತದೆ, ನೆಲ ಗಟ್ಟಿಯಾಗಿರುತ್ತದೆ, ತಗ್ಗಿನಲ್ಲಿ ತೊಗರಿ ಹಳದಿ ಹೂ ಬಿಡತೊಡಗಿರುತ್ತದೆ, ಹಿಂಗಾರಿನ ಬಿಳಿಜೋಳ ಮೊಳೆತು ಸಾಲು ಕಟ್ಟಿರುತ್ತದೆ. ಮಡ್ಡಿಯ ಮೇಲೆ ತಂಗಡಿಯ ಹೂ, ಒಣಗುತ್ತಿರುವ ಹುಲ್ಲು.

ಈ ಕಾಲದ ಸೂರ್ಯನೂ ದಾರಿಕಾರನಿಗೆ ಒಂದು ಉಪಕಾರ ಮಾಡುತ್ತಾನೆ. ಕಲಬುರಗಿಯು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಮೇ ತಿಂಗಳ ಎರಡನೆಯ ವಾರದ ಸುಮಾರಿನಲ್ಲಿ ಒಮ್ಮೆ, ಆಗಸ್ಟ್ ಮೊದಲ ವಾರದಲ್ಲಿ ಇನ್ನೊಮ್ಮೆ, ನಡುಹಗಲಿನ ಸೂರ್ಯನು ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಆದರೆ ಅಕ್ಟೋಬರ್ ಮೂರನೆಯ ವಾರದ ಹೊತ್ತಿಗೆ ಅವನು ದಕ್ಷಿಣಕ್ಕೆ ವಾಲಿರುವುದರಿಂದ, ಒಂದು ಮೀಟರ್ ಕೋಲಿನ ನಡುಹಗಲಿನ ನೆರಳು ಅರ್ಧ ಮೀಟರಿಗಿಂತ ತುಸು ಉದ್ದವಾಗಿರುತ್ತದೆ. ಹನ್ನೆರಡು ಗಂಟೆಯ ಆಸುಪಾಸಿನಲ್ಲಿ ನೆರಳಿನ ತುದಿಯನ್ನು ಐದೈದು ನಿಮಿಷಕ್ಕೊಮ್ಮೆ ಗುರುತಿಸುತ್ತ ಹೋದರೆ, ಅತಿ ಗಿಡ್ಡವಾದ ನೆರಳು ನೇರವಾಗಿ ಉತ್ತರವನ್ನು ತೋರಿಸುತ್ತದೆ. ದಿಕ್ಸೂಚಿ ಇಲ್ಲದವನಿಗೂ ದಿಕ್ಕು ತಪ್ಪದು.

ದಾರಿ ಬಿಟ್ಟು ಏರುವುದೇಕೆ?

ಆಳಂದದ ಕಡೆಯ ಯಾವುದಾದರೊಂದು ಗುಡ್ಡದ ಬುಡದಲ್ಲಿ ನಿಂತು ನೋಡಿದರೆ ಅದರ ಮೈ ಒಂದೇ ಇಳಿಜಾರಾಗಿಲ್ಲವೆಂಬುದು ತಿಳಿಯುತ್ತದೆ. ಒಂದಿಷ್ಟು ಕಡಿದಾದ ಬಂಡೆ, ಅದರ ಮೇಲೆ ಒಂದಿಷ್ಟು ಸಪಾಟಾದ ನೆಲ, ಪುನಃ ಕಡಿದಾದ ಬಂಡೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅದು ಏರುತ್ತದೆ. ಸ್ವೀಡನ್ ದೇಶದ ಭಾಷೆಯಲ್ಲಿ ಮೆಟ್ಟಿಲಿಗೆ 'ಟ್ರಪ್ಪಾ' ಎಂದು ಹೆಸರು. ಈ ಬಗೆಯ ಶಿಲಾರಾಶಿಗೆ ವಿಜ್ಞಾನಿಗಳು ದಖ್ಖಣದ 'ಟ್ರ್ಯಾಪ್' ಎಂದು ಹೆಸರಿಟ್ಟಿರುವುದು ಅದರಿಂದಲೇ.

ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ, ಡೈನೋಸಾರುಗಳ ಯುಗವು ಮುಗಿಯುವ ಕಾಲಕ್ಕೆ, ಪಶ್ಚಿಮ ಮತ್ತು ಮಧ್ಯ ಭಾರತದಲ್ಲಿ ನೆಲ ಬಿರಿದು ಅಪಾರವಾದ ಲಾವಾರಸ ಹೊರಬಿದ್ದಿತು. ಅದು ಶಂಕುವಿನಾಕಾರದ ಜ್ವಾಲಾಮುಖಿಯಾಗಿ ರಾಶಿಗೊಳ್ಳದೆ, ನೀರಿನಂತೆ ಹರಿದು ತಗ್ಗುಗಳನ್ನು ತುಂಬಿ, ಹಾಸಿನಂತೆ ಹರಡಿ ಹೆಪ್ಪುಗಟ್ಟಿತು. ಒಂದು ಹಾಸು ಆರಿದ ಮೇಲೆ ಮತ್ತೊಂದು. ಅದರ ಮೇಲೆ ಇನ್ನೊಂದು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಈ ಕಪ್ಪುಕಲ್ಲು, ಎಂದರೆ ಬಸಾಲ್ಟ್, ಮುಚ್ಚಿಕೊಂಡಿದೆ.

ಪ್ರತಿಯೊಂದು ಹಾಸಿನಲ್ಲಿಯೂ ಎರಡು ಬಗೆಯ ಕಲ್ಲನ್ನು ಗುರುತಿಸಬಹುದು. ನಡುಭಾಗ ನಿಧಾನವಾಗಿ ಆರಿದ್ದರಿಂದ ಅದು ದಟ್ಟವೂ ಗಟ್ಟಿಯೂ ಆಗಿರುತ್ತದೆ. ಮೇಲ್ಭಾಗದಲ್ಲಿ, ರಸದಲ್ಲಿ ಕರಗಿದ್ದ ಅನಿಲಗಳು ಗುಳ್ಳೆಗಳಾಗಿ ಮೇಲೆದ್ದು ಸಿಕ್ಕಿಕೊಂಡದ್ದರಿಂದ, ಕಲ್ಲು ತೂತು ತೂತಾಗಿರುತ್ತದೆ. ಇಂತಹ ತೂತುಗಳಲ್ಲಿ ಮುಂದೆ ನೀರಿನೊಡನೆ ಬಂದ ಖನಿಜಗಳು ನೆಲೆಗೊಂಡವು. ಗುಡ್ಡದ ಮೈಮೇಲೆ ಬಟಾಣಿಯಂತೆ, ಬಾದಾಮಿಯಂತೆ ಚೆಲ್ಲಿರುವ ಬಿಳಿಯ ಹರಳುಗಳು ಅವೇ. ಮಳೆ ಬಿಸಿಲುಗಳಿಗೆ ತೂತುಗಲ್ಲು ಬೇಗ ಪುಡಿಯಾಗಿ ಸಪಾಟಾದ ಮೆಟ್ಟಿಲಾಗುತ್ತದೆ. ಗಟ್ಟಿ ಕಲ್ಲು ಕಡಿದಾದ ಗೋಡೆಯಾಗಿ ನಿಲ್ಲುತ್ತದೆ. ಮೆಟ್ಟಿಲಿನ ರಹಸ್ಯ ಇಷ್ಟೇ.

ಎರಡು ಹಾಸುಗಳ ನಡುವೆ ಕೆಲವೆಡೆ ಇಟ್ಟಿಗೆಯ ಬಣ್ಣದ ಮಣ್ಣಿನ ಪಟ್ಟಿಯೊಂದು ಕಾಣುವುದುಂಟು. ಕೆಳಗಿನ ಹಾಸು ಆರಿ, ಅದರ ಮೇಲ್ಮೈ ಮಳೆ ಗಾಳಿಗಳಿಗೆ ಶಿಥಿಲಗೊಂಡು ಮಣ್ಣಾಗುವಷ್ಟು ಕಾಲ ಕಳೆಯಿತೆಂಬುದಕ್ಕೂ, ಅನಂತರ ಬಂದ ಬೆಂಕಿಯ ರಸವು ಆ ಮಣ್ಣನ್ನು ಮುಚ್ಚಿತೆಂಬುದಕ್ಕೂ ಇದೇ ಸಾಕ್ಷಿ. ಈ ಬಿಡುವುಗಳಲ್ಲಿ ಕೆಲವೆಡೆ ಕೆರೆಗಳೂ ಉಂಟಾಗಿದ್ದವು. ಇಲ್ಲಿಂದ ಆಗ್ನೇಯಕ್ಕಿರುವ ಗುರುಮಠಕಲ್ಲಿನ ಬಳಿ ಅಂತಹ ಪದರಗಳಲ್ಲಿ ಸಿಹಿನೀರಿನ ಜೀವಿಗಳ ಅವಶೇಷಗಳು ದೊರೆತಿವೆ.

ದಾರಿ ಬಿಟ್ಟು ನಡೆಯಬೇಕೆಂಬುದಕ್ಕೆ ಕಾರಣ ಈಗ ಸ್ಪಷ್ಟವಾಯಿತು. ದನಗಳ ಕಾಲುದಾರಿ ಯಾವಾಗಲೂ ಸುಲಭವಾದ ನೆಲವನ್ನು ಆರಿಸಿಕೊಂಡು ಒಂದು ಮೆಟ್ಟಿಲಿನ ಉದ್ದಕ್ಕೂ ಗುಡ್ಡವನ್ನು ಬಳಸಿ ಹೋಗುತ್ತದೆ. ಅದರ ಮೇಲೆ ಎಷ್ಟು ದೂರ ನಡೆದರೂ ನಮ್ಮ ಕಾಲಡಿಯಲ್ಲಿರುವುದು ಒಂದೇ ಹಾಸು, ಒಂದೇ ಕಾಲ. ದಾರಿಯನ್ನು ಬಿಟ್ಟು ನೇರವಾಗಿ ಮೇಲೇರಿದಾಗ ಮಾತ್ರ ನಾವು ಒಂದು ಹಾಸಿನಿಂದ ಇನ್ನೊಂದಕ್ಕೆ, ಹಳೆಯ ಕಾಲದಿಂದ ಹೊಸ ಕಾಲಕ್ಕೆ ದಾಟುತ್ತೇವೆ.

ಏರುವಾಗಲೇ ಪ್ರತಿ ಮೆಟ್ಟಿಲಿನ ಎತ್ತರವನ್ನೂ ಅಳೆಯಬಹುದು. ಅರ್ಧ ನೀರಿರುವ ಪಾರದರ್ಶಕವಾದ ಸೀಸೆಯೊಂದನ್ನು ಅಡ್ಡಲಾಗಿ ಕಣ್ಣಿನ ಮಟ್ಟಕ್ಕೆ ಹಿಡಿದು, ನೀರಿನ ಮೇಲ್ಮೈಯ ಗೆರೆಯ ನೇರದಲ್ಲಿ ಎದುರಿನ ಇಳಿಜಾರಿನ ಮೇಲೆ ಯಾವ ಕಲ್ಲು ಕಾಣುತ್ತದೆಂಬುದನ್ನು ಗುರುತಿಸಿರಿ. ಆ ಕಲ್ಲಿನವರೆಗೆ ಏರಿ ನಿಂತು ಪುನಃ ಹಾಗೆಯೇ ನೋಡಿರಿ. ಪ್ರತಿಸಲವೂ ನೀವು ಏರಿದ್ದು ನಿಮ್ಮ ಪಾದದಿಂದ ಕಣ್ಣಿನವರೆಗಿನ ಎತ್ತರ. ಅದು ಒಂದೂವರೆ ಮೀಟರ್ ಆಗಿದ್ದು ಇಪ್ಪತ್ತು ಸಲ ನೋಡಿದ್ದಾದರೆ, ಏರಿದ ಎತ್ತರ 30 ಮೀಟರ್.

ನೆತ್ತಿಯ ಮೇಲಿನ ನೋಟ

ಬಯಲಿನಲ್ಲಿ ನಿಂತವನಿಗೆ ಭೂಮಿಯ ದುಂಡುತನದ ಕಾರಣದಿಂದ ಕ್ಷಿತಿಜವು ಸುಮಾರು ನಾಲ್ಕೂವರೆ ಕಿಲೋಮೀಟರ್ ದೂರದಲ್ಲಿಯೇ ಮುಗಿದುಹೋಗುತ್ತದೆ. ಎತ್ತರ ಹೆಚ್ಚಿದಂತೆ ಅದು ಹಿಂದೆ ಸರಿಯುತ್ತದೆ. ಲೆಕ್ಕ ಸುಲಭ: ಕಣ್ಣಿನ ಎತ್ತರವನ್ನು ಮೀಟರುಗಳಲ್ಲಿ ಬರೆದು, ಅದರ ವರ್ಗಮೂಲವನ್ನು 3.57 ರಿಂದ ಗುಣಿಸಿದರೆ ಕ್ಷಿತಿಜದ ದೂರವು ಕಿಲೋಮೀಟರುಗಳಲ್ಲಿ ದೊರೆಯುತ್ತದೆ. ಬಯಲಿಗಿಂತ 49 ಮೀಟರ್ ಎತ್ತರದಲ್ಲಿ ನಿಂತರೆ 49 ರ ವರ್ಗಮೂಲ 7. ದೂರ ಸುಮಾರು 25 ಕಿಲೋಮೀಟರ್. ಗಾಳಿಯಲ್ಲಿ ಬೆಳಕು ತುಸು ಬಾಗುವುದರಿಂದ ವಾಸ್ತವದಲ್ಲಿ ಇನ್ನೂ ಸ್ವಲ್ಪ ಹೆಚ್ಚು ಕಾಣುತ್ತದೆ. ನಮ್ಮಷ್ಟೇ ಎತ್ತರದ ಇನ್ನೊಂದು ಗುಡ್ಡದ ತಲೆಯಾದರೆ, ಗಾಳಿ ಶುಭ್ರವಾಗಿದ್ದಲ್ಲಿ, ಇದರ ಎರಡರಷ್ಟು ದೂರದಿಂದಲೂ ಕಾಣಲು ಸಾಧ್ಯ. ಹದಿನೈದು ನಿಮಿಷದ ಏರಿಕೆಗೆ ಇಷ್ಟು ದೊಡ್ಡ ಪ್ರತಿಫಲ ಬೇರೆ ಯಾವ ಸೀಮೆಯಲ್ಲಿ ದೊರೆತೀತು?

ಈಗ ಎದುರಿನ ಗುಡ್ಡಗಳನ್ನು ಗಮನವಿಟ್ಟು ನೋಡಬೇಕು. ಅವುಗಳ ತಲೆಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವುದುಂಟು. ನೂಲು ಹಿಡಿದು ಕೊಯ್ದಂತೆ ಕಾಣುತ್ತವೆ. ನಮ್ಮ ಗುಡ್ಡದ ಎರಡನೆಯ ಮೆಟ್ಟಿಲು ಯಾವ ಮಟ್ಟದಲ್ಲಿದೆಯೋ, ಕಣಿವೆಯ ಆಚೆಯ ಗುಡ್ಡದಲ್ಲಿಯೂ ಬಹುಮಟ್ಟಿಗೆ ಅದೇ ಮಟ್ಟದಲ್ಲಿ ಒಂದು ಮೆಟ್ಟಿಲಿರುತ್ತದೆ. ಎರಡು ಬೇರೆ ಬೇರೆ ಗುಡ್ಡಗಳು ಬೇರೆ ಬೇರೆಯಾಗಿ ಮೇಲೆದ್ದಿದ್ದರೆ ಈ ಹೊಂದಾಣಿಕೆ ಹೇಗೆ ಬರಬೇಕು? ಅವು ಹಿಂದೆ ಒಂದೇ ಹಾಸಾಗಿದ್ದವು. ನಡುವಣ ಕಲ್ಲನ್ನು ಹಳ್ಳಗಳು ಕೊರೆದು ಒಯ್ದವು ಎಂದರೆ ಮಾತ್ರ ಇದು ಅರ್ಥವಾಗುತ್ತದೆ. ಆಳಂದದ ನೀರನ್ನು ಹೊತ್ತು ಹರಿಯುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಯಾತ್ರಿಕರು ಮೀಯುವ ಆ ಸಂಗಮದಲ್ಲಿ ನೀರು ಕಂದಾಗಿ ಹರಿಯುವ ಪ್ರತಿ ಮಳೆಗಾಲವೂ ಗುಡ್ಡಗಳ ಪುಡಿ ಕೃಷ್ಣೆಯ ಕಡೆಗೆ ಸಾಗುತ್ತಿರುತ್ತದೆ.

ಕಣಿವೆಯ ಜಾಗದಲ್ಲಿ ನೂರು ಮೀಟರ್ ದಪ್ಪದ ಕಲ್ಲು ಸವೆದಿದೆಯೆಂದು ಭಾವಿಸೋಣ. ಅದನ್ನು 6 ಕೋಟಿ 60 ಲಕ್ಷ ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ಬರುವುದು ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದೂವರೆ ಪಾಲು. ಒಂದು ಕಾಗದದ ದಪ್ಪ ಸವೆಯಲು ಸುಮಾರು 66 ವರ್ಷ, ಎಂದರೆ ಒಬ್ಬ ಮನುಷ್ಯನ ಆಯುಷ್ಯ ಬೇಕು. ನಿಸರ್ಗಕ್ಕೆ ಬೇಕಾದುದು ಬಲವಲ್ಲ, ಕಾಲ.

ಜೇವರ್ಗಿಯ ಕಡೆಗೆ

ಒಂದು ಗುಡ್ಡದಲ್ಲಿ ನೋಡಿದ್ದು ಕೆಲವೇ ಹಾಸುಗಳು. ಈ ಹಾಸುಗಳ ಅಡಿಯಲ್ಲಿ ಏನಿದೆ? ಇದನ್ನು ಅರಿಯಲು ಎರಡು ಮಾರ್ಗಗಳುಂಟು: ಕೊರೆದು ನೋಡುವುದು ಒಂದು, ಹಾಸು ತೆಳುವಾಗಿ ಮುಗಿಯುವ ಕಡೆಗೆ ನಡೆದು ಹೋಗುವುದು ಇನ್ನೊಂದು.

ಆಳಂದದಿಂದ ಉತ್ತರಕ್ಕೆ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 1993 ರ ಸೆಪ್ಟೆಂಬರ್ 30 ರಂದು ಭೀಕರವಾದ ಭೂಕಂಪವಾಯಿತು. ಅದರ ಕಾರಣವನ್ನು ಅರಸಿ ವಿಜ್ಞಾನಿಗಳು ಅಲ್ಲಿ ಆಳವಾಗಿ ಕೊರೆದಾಗ, ಸುಮಾರು 340 ಮೀಟರ್ ಆಳದಲ್ಲಿ ಲಾವಾಶಿಲೆ ಮುಗಿದು, ಅದರ ಕೆಳಗೆ ತೆಳುವಾದ ಮಡ್ಡುಶಿಲೆಯ ಪದರ, ಅದರ ಕೆಳಗೆ ಅತಿ ಪ್ರಾಚೀನವಾದ ಬುನಾದಿ ಶಿಲೆ ಕಂಡುಬಂದವು. ಸಹ್ಯಾದ್ರಿಯ ಕಡೆ ಬಹಳ ದಪ್ಪವಾಗಿರುವ ಈ ಹಾಸು ಆಗ್ನೇಯಕ್ಕೆ ಬಂದಂತೆ ತೆಳುವಾಗುತ್ತ, ಜೇವರ್ಗಿ ತಾಲ್ಲೂಕಿನ ಸುಮಾರಿನಲ್ಲಿ ಅಂಚನ್ನು ಮುಟ್ಟುತ್ತದೆ. ಆಳಂದದಿಂದ ಜೇವರ್ಗಿಗೆ ನೇರ ದೂರ ಸುಮಾರು 65 ಕಿಲೋಮೀಟರ್. ಕಿಲ್ಲಾರಿಯಲ್ಲಿ ಯಂತ್ರವು ಕೆಳಕ್ಕೆ ಕೊರೆದು ಮುಟ್ಟಿದುದನ್ನು, ಇಲ್ಲಿ ಪಾದಚಾರಿಯು ಸಮನೆಲದ ಮೇಲೆ ನಡೆದೇ ಮುಟ್ಟಬಹುದು.

ಲಾವಾ ಮುಗಿದ ಕಡೆಯಲ್ಲಿ ನೆಲದ ರೂಪವೇ ಬೇರೆ. ಬೂದು ಬಣ್ಣದ, ಹಲಗೆ ಹಲಗೆಯಾಗಿ ಎದ್ದು ಬರುವ ಸುಣ್ಣಕಲ್ಲು ಅಲ್ಲಿ ಹೊರಗಾಣುತ್ತದೆ. ಮನೆಯ ನೆಲಕ್ಕೆ ಹಾಸುವ ಶಹಾಬಾದದ ಫರಸಿಕಲ್ಲು ಈ ಕುಲಕ್ಕೆ ಸೇರಿದುದೇ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಯು 1876 ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಭೀಮಾ ತೀರದ ಈ ಶಿಲೆಗಳನ್ನು ವಿವರಿಸಿದ್ದಾನೆ. ಇವು ಕಡಲಿನ ತಳದಲ್ಲಿ ಪದರ ಪದರವಾಗಿ ಕುಳಿತ ಮಡ್ಡಿನಿಂದ ಉಂಟಾದವು. ಇವುಗಳ ವಯಸ್ಸು ಐವತ್ತು ಕೋಟಿ ವರ್ಷಗಳಿಗೂ ಮಿಗಿಲು. ಗುರುತಿಸಲು ಸುಲಭವಾದ ಪರೀಕ್ಷೆಯೊಂದಿದೆ: ಪ್ರಯೋಗಶಾಲೆಯ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿಯನ್ನು ಹಾಕಿದರೆ ಸುಣ್ಣಕಲ್ಲು ನೊರೆಗರೆಯುತ್ತದೆ, ಕಪ್ಪುಕಲ್ಲು ಸುಮ್ಮನಿರುತ್ತದೆ.

ಇಲ್ಲಿ ವಿದ್ಯಾರ್ಥಿಯು ಒಂದು ಕ್ಷಣ ನಿಲ್ಲತಕ್ಕದ್ದು. ಲಾವಾಶಿಲೆಗೆ ಆರು ಕೋಟಿ ಚಿಲ್ಲರೆ ವರ್ಷ, ಅದರ ಕೆಳಗಿನ ಸುಣ್ಣಕಲ್ಲಿಗೆ ಐವತ್ತು ಕೋಟಿಗೂ ಹೆಚ್ಚು. ನಡುವಣ ನಾಲ್ವತ್ತು ಕೋಟಿಗೂ ಮೀರಿದ ವರ್ಷಗಳ ಕಲ್ಲು ಇಲ್ಲಿ ಇಲ್ಲವೇ ಇಲ್ಲ. ಒಂದೋ ಅದು ಇಲ್ಲಿ ಕೂರಲಿಲ್ಲ, ಇಲ್ಲವೇ ಕುಳಿತದ್ದು ಸವೆದು ಹೋಯಿತು. ಕಪ್ಪುಕಲ್ಲಿನಿಂದ ಬೂದುಗಲ್ಲಿಗೆ ಇಡುವ ಒಂದೇ ಹೆಜ್ಜೆಯಲ್ಲಿ ಇಷ್ಟು ಕಾಲವನ್ನು ನಾವು ದಾಟಿಬಿಡುತ್ತೇವೆ. ಇನ್ನೂ ದಕ್ಷಿಣಕ್ಕೆ ಶಹಾಪುರ, ಸುರಪುರಗಳ ಕಡೆ ಹೋದರೆ, ಎಲ್ಲಕ್ಕೂ ಬುನಾದಿಯಾದ ಕಣಶಿಲೆಯ ದುಂಡು ಬಂಡೆಗಳ ಬೆಟ್ಟಗಳು ಎದುರಾಗುತ್ತವೆ.

ಜೇವರ್ಗಿಯ ಸುತ್ತಿನಲ್ಲಿ ದಾರಿ ಬಿಟ್ಟು ಅಲೆದು ಪ್ರಸಿದ್ಧನಾದವನು ಇನ್ನೊಬ್ಬನಿದ್ದಾನೆ. ಹತ್ತೊಂಬತ್ತನೆಯ ಶತಮಾನದ ನಡುವೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್, ಭೀಮೆಯ ದಂಡೆಯ ಫಿರೋಜಾಬಾದಿಗೆ ಸಮೀಪವಾದ ಜೇವರ್ಗಿಯಲ್ಲಿ ಪ್ರಾಚೀನರ ಕಲ್ಲುಗುಪ್ಪೆಯ ಸಮಾಧಿಗಳನ್ನು ಗುರುತಿಸಿ, 1851 ರಲ್ಲಿ ಮುಂಬಯಿಯ ವಿದ್ವತ್ಪತ್ರಿಕೆಯಲ್ಲಿ ಅವುಗಳ ವೃತ್ತಾಂತವನ್ನು ಪ್ರಕಟಿಸಿದನು. ಇಂತಹ ಸಮಾಧಿಗಳು ಎರಡು ಮೂರು ಸಾವಿರ ವರ್ಷಗಳ ಹಿಂದಿನ ಕಬ್ಬಿಣಯುಗದ ಜನರವು. ಹೊಲದ ಬದುವಿನಾಚೆ ಕಲ್ಲುಗಳು ವೃತ್ತಾಕಾರವಾಗಿ ಕುಳಿತಿರುವುದನ್ನು ಕಂಡರೆ ಒಂದು ಕಲ್ಲನ್ನೂ ಕದಲಿಸಬಾರದು. ಕಲ್ಲು ಇದ್ದ ಜಾಗವೇ ಅದರ ಅರ್ಧ ಚರಿತ್ರೆ.

ಮೆಟ್ಟಿಲು ಮತ್ತು ನೀರು

ಇದೆಲ್ಲ ಕೇವಲ ಕುತೂಹಲದ ವಿಷಯವೆಂದು ಯಾರೂ ಭಾವಿಸಬಾರದು. ಈ ಮೂರು ತಾಲ್ಲೂಕುಗಳು ಬರಗಾಲವನ್ನು ಮತ್ತೆ ಮತ್ತೆ ಕಂಡ ನೆಲ. ಇಲ್ಲಿಯ ಒಕ್ಕಲಿಗನ ಸಾಲ, ಬೆಳೆ, ಬಾಳು ಎಲ್ಲವೂ ನೆಲದೊಳಗಿನ ನೀರಿನ ಮೇಲೆ ನಿಂತಿವೆ. ಆ ನೀರು ಎಲ್ಲಿದೆಯೆಂಬುದನ್ನು ನಿರ್ಣಯಿಸುವುದು ಇದೇ ಮೆಟ್ಟಿಲುಗಳು.

ಗಟ್ಟಿಯಾದ ಕಪ್ಪುಕಲ್ಲು ತನ್ನೊಳಗೆ ನೀರನ್ನು ಬಿಟ್ಟುಕೊಳ್ಳುವುದಿಲ್ಲ; ಅದರಲ್ಲಿ ನೀರಿಗೆ ಇರುವ ಜಾಗ ಬಿರುಕುಗಳು ಮಾತ್ರ. ಶಿಥಿಲವಾದ ತೂತುಗಲ್ಲಿನಲ್ಲಿಯೂ ಬಾವಿಗೆ ಬಿಟ್ಟುಕೊಡುವ ನೀರು ಕಲ್ಲಿನ ಗಾತ್ರದ ನೂರರಲ್ಲಿ ಒಂದೆರಡು ಪಾಲನ್ನು ಮೀರುವುದು ಕಡಮೆ. ಮಡ್ಡಿಯ ಮೇಲೆ ಬಿದ್ದ ಮಳೆಯಲ್ಲಿ ಇಂಗಿದ ಭಾಗವು ತೂತುಗಲ್ಲಿನಲ್ಲಿ ಇಳಿದು, ಅಡಿಯ ಗಟ್ಟಿಕಲ್ಲನ್ನೋ ಕೆಂಪುಮಣ್ಣಿನ ಪಟ್ಟಿಯನ್ನೋ ಮುಟ್ಟಿ ಅಡ್ಡಕ್ಕೆ ಸರಿಯುತ್ತದೆ. ಒಳ್ಳೆಯ ಮಳೆಯಾದ ವರ್ಷ ಅಕ್ಟೋಬರಿನಲ್ಲಿ ಗುಡ್ಡವನ್ನು ದೂರದಿಂದ ನೋಡಿದರೆ, ಮೇಲಿನ ಹುಲ್ಲು ಕಂದಿದ್ದರೂ ಯಾವುದೋ ಒಂದು ಮೆಟ್ಟಿಲಿನ ಬುಡದಲ್ಲಿ ಹಸಿರಿನ ಗೆರೆಯೊಂದು ಉಳಿದಿರುವುದನ್ನು ಕಾಣಬಹುದು. ನೀರು ಹೊರಗೆ ಒಸರುವ ಜಾಗ ಅದು. ಈ ಗೆರೆಯನ್ನು ಓದಬಲ್ಲವನು ಬಾವಿಯ ಜಾಗವನ್ನು ವಿಚಾರಪೂರ್ವಕವಾಗಿ ಆರಿಸುತ್ತಾನೆ. ಅದನ್ನು ಗಮನಿಸದೆ ಗಟ್ಟಿಕಲ್ಲಿನ ನೆತ್ತಿಯ ಮೇಲೆ ಕೊಳವೆಬಾವಿ ತೋಡಿಸಿದರೆ, ಬಿರುಕು ಸಿಕ್ಕರೆ ಭಾಗ್ಯ, ಸಿಗದಿದ್ದರೆ ಹಣವೆಲ್ಲ ಧೂಳಾಗಿ ಹಾರಿಹೋಗುತ್ತದೆ. ಎಷ್ಟು ಆಳಕ್ಕೆ ಕೊರೆದರೂ ಬಿರುಕಿಲ್ಲದ ಕಲ್ಲು ನೀರು ಕೊಡದು.

ಇನ್ನೊಂದು ಮಾತು. ಮೆಟ್ಟಿಲುಗಳ ಮೇಲಿನ ಶಿಥಿಲವಾದ ಕಲ್ಲನ್ನು ಗರಸು, ಮುರುಮು ಎಂದು ಕರೆದು ರಸ್ತೆಗೂ ಕಟ್ಟಡಕ್ಕೂ ಅಗೆದು ಒಯ್ಯುತ್ತಾರೆ. ಮಳೆಯನ್ನು ಹಿಡಿದಿಟ್ಟು ಕೆಳಗಿನ ಬಾವಿಗೆ ನಿಧಾನವಾಗಿ ಬಿಡುವ ಪದರ ಅದೇ. ರಸ್ತೆಗಳು ಬೇಕು, ನಿಜ. ಆದರೆ ಕಾಗದದಷ್ಟು ದಪ್ಪ ಸವೆಯಲು ಒಂದು ಆಯುಷ್ಯ ತೆಗೆದುಕೊಂಡ ಗುಡ್ಡವನ್ನು ಯಂತ್ರವು ಒಂದು ದಿನದಲ್ಲಿ ಆಳುದ್ದ ತೆಗೆಯಬಲ್ಲದು. ಎಲ್ಲಿ ಅಗೆಯಬಹುದು, ಎಲ್ಲಿ ಕೂಡದು ಎಂಬುದನ್ನು ತಿಳಿದೇ ಅಗೆಯಬೇಕು.

ಒಂಟಿಯಾಗಿ ಹೋಗುವವರಿಗೆ

ಗುಂಪಿನಲ್ಲಿ ಹೋದವನು ಜೊತೆಗಾರರನ್ನು ನೋಡುತ್ತಾನೆ. ಒಬ್ಬನೇ ಹೋದವನು ನೆಲವನ್ನು ನೋಡುತ್ತಾನೆ. ಆದ್ದರಿಂದ ಒಂಟಿ ನಡಿಗೆ ಒಳ್ಳೆಯದೇ. ಆದರೆ ಒಂಟಿಯಾದವನಿಗೆ ಕಾಲು ಉಳುಕಿದರೂ ಕೈ ಹಿಡಿಯುವವರಿಲ್ಲ. ಹೊರಡುವ ಮುನ್ನ ಯಾವ ಗುಡ್ಡಕ್ಕೆ ಹೋಗುವುದು, ಯಾವಾಗ ತಿರುಗಿ ಬರುವುದು ಎಂಬುದನ್ನು ಮನೆಯಲ್ಲಿಯೂ ಗುಡ್ಡದ ಕೆಳಗಿನ ಊರಿನಲ್ಲಿಯೂ ತಿಳಿಸತಕ್ಕದ್ದು. ಮೊಬೈಲ್ ಫೋನಿಗೆ ಕಣಿವೆಯಲ್ಲಿ ಸಂಪರ್ಕ ಸಿಗದೆ ಹೋಗಬಹುದು. ಎರಡು ಮೂರು ಲೀಟರ್ ನೀರು ಜೊತೆಗಿರಲಿ. ಬೆಳೆ ನಿಂತ ಹೊಲವನ್ನು ತುಳಿಯದೆ ಬದುವಿನ ಮೇಲೆ ನಡೆಯಿರಿ.

ಕಲ್ಲುಸಂದಿಗಳಲ್ಲಿ ಮಂಡಲದ ಹಾವೂ ಗರಗಸ ಮಂಡಲವೂ ಇರುತ್ತವೆ. ಕಣ್ಣಿಗೆ ಕಾಣದ ಕಡೆ ಕೈಯಿಡಬಾರದು. ಹುಲ್ಲಿನಲ್ಲಿ ಕೋಲನ್ನು ಮುಂದೂಡಿ ಹೆಜ್ಜೆಯಿಡಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಸಲ್ಲದು. ಕಚ್ಚಿದ ಅಂಗವನ್ನು ಆದಷ್ಟು ಅಲುಗಿಸದೆ, ಸಹಾಯವನ್ನು ಕರೆದು, ಪ್ರತಿವಿಷವಿರುವ ಆಸ್ಪತ್ರೆಯನ್ನು ಬೇಗ ಸೇರಬೇಕು.

ಅಕ್ಟೋಬರಿನ ಮಧ್ಯಾಹ್ನಗಳಲ್ಲಿ ಗುಡುಗಿನ ಮಳೆ ಹಠಾತ್ತಾಗಿ ಬರುವುದುಂಟು. ಸಪಾಟಾದ ನೆತ್ತಿಯ ಮೇಲೆ ಎಲ್ಲಕ್ಕಿಂತ ಎತ್ತರವಾದ ವಸ್ತು ಮನುಷ್ಯನೇ. ಶಬ್ದವು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವುದರಿಂದ, ಮಿಂಚಿಗೂ ಗುಡುಗಿಗೂ ನಡುವಣ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲಿನ ದೂರ ಕಿಲೋಮೀಟರುಗಳಲ್ಲಿ ತಿಳಿಯುತ್ತದೆ. ಎಣಿಕೆ ಮೂವತ್ತಕ್ಕಿಂತ ಕಡಮೆಯಾದರೆ ತಡಮಾಡದೆ ಕೆಳಗಿಳಿಯಬೇಕು. ಒಂಟಿ ಮರದ ಅಡಿಯಲ್ಲಿ ನಿಲ್ಲಬಾರದು.

ಕಲಬುರಗಿಯ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳಿಗೆ ಈ ಗುಡ್ಡಗಳು ದಿನವೂ ಬಸ್ಸಿನ ಕಿಟಕಿಯಿಂದ ಕಾಣುವಂಥವು. ಹತ್ತಿರದ ಒಂದು ಗುಡ್ಡವನ್ನು ಆರಿಸಿಕೊಂಡು, ಅದರ ಮೆಟ್ಟಿಲುಗಳನ್ನು ಎಣಿಸಿ, ಎತ್ತರವನ್ನು ಅಳೆದು, ಹಸಿರಿನ ಗೆರೆಯನ್ನೂ ಕೆಳಗಿನ ಬಾವಿಗಳ ನೀರಿನ ಮಟ್ಟವನ್ನೂ ಒಂದು ನಕ್ಷೆಯಲ್ಲಿ ಬರೆದಿಡಿರಿ. ಮರುವರ್ಷ ಶೀಗಿ ಹುಣ್ಣಿಮೆಯ ವೇಳೆಗೆ ಪುನಃ ಹೋಗಿ ಹೋಲಿಸಿ ನೋಡಿರಿ. ನಾಲ್ಕಾರು ವರ್ಷ ಹೀಗೆ ಮಾಡಿದರೆ ನಿಮ್ಮ ಊರಿನ ನೀರಿನ ವಿಷಯದಲ್ಲಿ, ಬಾವಿ ತೋಡಿಸಹೊರಟವರು ನಿಮ್ಮನ್ನು ಕೇಳಿಯೇ ಮುಂದುವರಿಯುವಷ್ಟು ತಿಳಿವಳಿಕೆ ನಿಮ್ಮಲ್ಲಿ ಸೇರಿರುತ್ತದೆ.